ನಗೆಹಾಡಿನ ಕೈಲಾಸಂ: ಕಲ್ಲು ಬಿಟ್ಟು ಮಾತು ಹಿಡಿದ ಭೂವಿಜ್ಞಾನಿ

ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮ್ಮ ಜನಕ್ಕೆ ನಗೆಹಾಡು ಹೊಸದಲ್ಲ. ಸಂತ ಏಕನಾಥರ ಭಾರುಡ ಕೇಳಿ ನಗದವರು ಇಲ್ಲಿ ಯಾರಿದ್ದಾರೆ? ಮೇಲ್ನೋಟಕ್ಕೆ ತಮಾಷೆ, ಒಳಗೆ ತಿರುಳು. ಭಾರುಡದ ಹಾದಿಯೇ ಅದು. ಕನ್ನಡದಲ್ಲಿ ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಇಂಥದೇ ಕೆಲಸವನ್ನು ಬೇರೊಂದು ರೀತಿಯಲ್ಲಿ ಮಾಡಿದವರು ಟಿ.ಪಿ. ಕೈಲಾಸಂ. ಪ್ರಹಸನ ಪಿತಾಮಹ ಎಂದು ನಾಡು ಅವರನ್ನು ಕರೆಯಿತು. ಆದರೆ ಆ ಬಿರುದಿನ ಹಿಂದಿನ ಬದುಕು ಮಾತ್ರ ಅಷ್ಟು ನಗೆಯದಾಗಿರಲಿಲ್ಲ.

ತ್ಯಾಗರಾಜ ಪರಮಶಿವ ಕೈಲಾಸಂ ಹುಟ್ಟಿದ್ದು 1884ರಲ್ಲಿ, ಹಳೆಯ ಮೈಸೂರು ಸಂಸ್ಥಾನದ ದೊಡ್ಡ ಮನೆತನದಲ್ಲಿ. ತಂದೆ ಪರಮಶಿವ ಅಯ್ಯರ್ ಸಂಸ್ಥಾನದ ನ್ಯಾಯಾಧೀಶರು. ಋಗ್ವೇದವನ್ನು ಭೂವಿಜ್ಞಾನದ ಕಣ್ಣಿನಿಂದ ನೋಡಿ ಪುಸ್ತಕ ಬರೆದ ವಿದ್ವಾಂಸರು. ದೊಡ್ಡಪ್ಪ ಚಿಕ್ಕಪ್ಪಂದಿರ ಸಾಲಿನಲ್ಲೂ ಹೈಕೋರ್ಟ್ ನ್ಯಾಯಮೂರ್ತಿಗಳಿದ್ದರು. ಮನೆಯ ಮಾತು ತಮಿಳು. ಕನ್ನಡ ಅವರಿಗೆ ಬೀದಿಯಿಂದ, ಗೆಳೆಯರಿಂದ, ಶಾಲೆಯಿಂದ ಬಂದ ಭಾಷೆ. ಈ ಸಂಗತಿಯನ್ನು ಗಡಿಭಾಗದ ನಾವು ವಿಶೇಷವಾಗಿ ನೆನಪಿಡಬೇಕು.

ಓದಿನಲ್ಲಿ ಹುಡುಗ ಚುರುಕು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂವಿಜ್ಞಾನ ಓದಿ, ಹೆಚ್ಚಿನ ವ್ಯಾಸಂಗಕ್ಕೆ ಲಂಡನ್ನಿಗೆ ಹೋಗಿ ರಾಯಲ್ ಕಾಲೇಜ್ ಆಫ್ ಸೈನ್ಸ್ ಸೇರಿದರು. ಹಗಲು ಕಲ್ಲು ಮಣ್ಣಿನ ಪಾಠ ನಡೆಯಿತು. ಜತೆಗೆ ಅಲ್ಲಿನ ರಂಗಭೂಮಿಯ ಗೀಳೂ ಹತ್ತಿತು. ಸಾಮಾನ್ಯ ಮನೆಯ ನಡುಮನೆಯಲ್ಲಿ ನಡೆಯುವ ನಾಟಕಗಳನ್ನು ಅವರು ಕಂಡದ್ದು ಅಲ್ಲಿ. ಜನ ಗುಂಪುಗೂಡಿ ಹಾಡುವ, ನಗಿಸುವ ಇಂಗ್ಲಿಷ್ ಹಾಡುಗಳು ಕಿವಿಗೆ ಬಿದ್ದದ್ದೂ ಅಲ್ಲಿಯೇ.

1915ರಲ್ಲಿ ಊರಿಗೆ ಮರಳಿದ ಕೈಲಾಸಂ ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಲಂಡನ್ನಿನಲ್ಲಿ ಓದಿದ ನ್ಯಾಯಾಧೀಶರ ಮಗ, ಕೈಯಲ್ಲಿ ಸರ್ಕಾರಿ ಹುದ್ದೆ. ಆ ಕಾಲದಲ್ಲಿ ಇದಕ್ಕಿಂತ ಭದ್ರವಾದ ಬದುಕು ಇರಲಿಲ್ಲ. ಆದರೆ ಕೆಲವೇ ವರ್ಷಗಳಲ್ಲಿ ಅವರು ಆ ನೌಕರಿಗೆ ಬೆನ್ನು ಹಾಕಿ ನಾಟಕದ ಕಡೆ ನಡೆದರು.

ಆಗಿನ ಕನ್ನಡ ರಂಗಭೂಮಿ ಎಂದರೆ ಕಂಪನಿ ನಾಟಕ. ರಾಜ, ರಾಣಿ, ದೇವತೆಗಳು, ಜರತಾರಿ ಉಡುಪು, ಗ್ರಾಂಥಿಕ ಮಾತು, ಮಾತಿಗೊಂದು ಹಾಡು. ಕೈಲಾಸಂ ಇದೆಲ್ಲವನ್ನೂ ಪಕ್ಕಕ್ಕಿಟ್ಟು ಬೆಂಗಳೂರು, ಮೈಸೂರಿನ ಮಧ್ಯಮ ವರ್ಗದ ಮನೆಯನ್ನೇ ರಂಗಕ್ಕೆ ತಂದರು. 1918ರ ಟೊಳ್ಳುಗಟ್ಟಿ ನಾಟಕದಲ್ಲಿ ಇಬ್ಬರು ಅಣ್ಣತಮ್ಮಂದಿರು. ಒಬ್ಬ ಪರೀಕ್ಷೆಯಲ್ಲಿ ಜಾಣ, ಇನ್ನೊಬ್ಬ ಮನೆಗೆ ಕಷ್ಟ ಬಂದಾಗ ಕೈಗೆ ಬರುವವ. ಯಾರು ಟೊಳ್ಳು, ಯಾರು ಗಟ್ಟಿ ಎಂಬ ಪ್ರಶ್ನೆ ಇಂದಿನ ಟ್ಯೂಶನ್ ಕಾಲಕ್ಕೂ ಸಲ್ಲುತ್ತದೆ. ಮುಂದೆ ಹೋಂ ರೂಲು, ಪೋಲೀ ಕಿಟ್ಟಿ, ಬಂಡ್ವಾಳ್ವಿಲ್ಲದ ಬಡಾಯಿ, ಅಮ್ಮಾವ್ರ ಗಂಡ ಬಂದವು. ನಗಿಸುತ್ತಲೇ ಬಹಿಷ್ಕಾರ, ಸೂಳೆಯಂಥ ನಾಟಕಗಳಲ್ಲಿ ತಮ್ಮದೇ ಸಮಾಜದ ಹುಣ್ಣನ್ನು ತೋರಿಸಿದರು. ಅವು ನಕ್ಕು ಮರೆಯುವ ನಾಟಕಗಳಲ್ಲ.

ಇನ್ನು ಅವರ ಹಾಡುಗಳ ವಿಚಾರ. ಐರ್ಲೆಂಡಿನ ಟಿಪ್ಪರರಿ ಊರು ಬಲು ದೂರ ಎಂಬ ಇಂಗ್ಲಿಷ್ ಹಾಡು ಹುಟ್ಟಿದ್ದು 1912ರಲ್ಲಿ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಅದು ಸೈನಿಕರ ಬಾಯಲ್ಲಿ ಮನೆಮಾತಾಯಿತು. ಕೈಲಾಸಂ ಆಗ ಇಂಗ್ಲೆಂಡಿನಲ್ಲಿದ್ದರು. ಮುಂದೆ ಅವರ ಕೈಯಲ್ಲಿ ಟಿಪ್ಪರರಿ ಹೋಗಿ ನಮ್ಮ ಹಳ್ಳಿಗನ ತಿಪ್ಪಾರಹಳ್ಳಿ ಆಯಿತು. ದೂರದ ಊರಿನ ಹಂಬಲ ಅದೇ, ಊರು ಮಾತ್ರ ನಮ್ಮದು. ಹಾಗೆಯೇ ಕಾನ್‌ಸ್ಟಾಂಟಿನೋಪಲ್ ಎಂಬ ಪದದ ಒಂದೊಂದು ಅಕ್ಷರ ಬಿಡಿಸಿ ಹಾಡುವ ಇಂಗ್ಲಿಷ್ ಗೀತೆಯೊಂದಿತ್ತು. ಕೈಲಾಸಂ ಅದರ ಜಾಡು ಹಿಡಿದು ಕೋಳೀಕೆ ರಂಗನನ್ನು ಸೃಷ್ಟಿಸಿದರು. ಇಂಗ್ಲಿಷ್ ಸ್ಪೆಲ್ಲಿಂಗಿನ ಜಾಗದಲ್ಲಿ ನಮ್ಮ ಕೊಂಬು, ದೀರ್ಘ, ಸೊನ್ನೆಗಳ ಕಾಗುಣಿತ ಬಂದು ಕೂತಿತು. ಇದು ಅನುವಾದವಲ್ಲ. ಪರದೇಶದ ಮಟ್ಟಿನ ಮೇಲೆ ಹಳ್ಳಿಯ ಮನುಷ್ಯನನ್ನು, ಅವನ ಮಾತಿನ ಧಾಟಿಯನ್ನು ತಂದು ನಿಲ್ಲಿಸಿದ ಕೆಲಸ. ಓದು ಬರಹ ಬಾರದ ಹಳ್ಳಿಗನೇ ತನ್ನ ಹೆಸರಿನ ಅಕ್ಷರ ಒಪ್ಪಿಸುವಾಗ ಪಟ್ಟಣದವರು ನಕ್ಕರು. ಆದರೆ ಹಾಡಿನಲ್ಲಿ ಗೆಲ್ಲುವವನು ರಂಗನೇ ಹೊರತು ಪಟ್ಟಣದವರಲ್ಲ.

ಅವರ ಭಾಷೆಗೆ ಆಕ್ಷೇಪ ಬಾರದೆ ಇರಲಿಲ್ಲ. ಅವರ ಪಾತ್ರಗಳು ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಮಾತಾಡುತ್ತವೆ, ಇದೆಂಥ ಸಾಹಿತ್ಯ ಎಂದು ಮೂಗು ಮುರಿದವರಿದ್ದರು. ಆದರೆ ಆ ಮನೆಗಳಲ್ಲಿ ಜನ ಆಡುತ್ತಿದ್ದುದೇ ಹಾಗೆ. ಕೇಳಿದ್ದನ್ನು ಕೇಳಿದಂತೆ ಆಡಿಸಿದ್ದು ಅವರ ತಪ್ಪಾಗಿರಲಿಲ್ಲ, ಅದೇ ಅವರ ಶಕ್ತಿಯಾಗಿತ್ತು.

ಕೈಲಾಸಂ ಕೂತು ಬರೆದವರಲ್ಲ. ನಾಟಕ ಪೂರ್ತಿ ತಲೆಯಲ್ಲಿರುತ್ತಿತ್ತು. ಗೆಳೆಯರ ಮುಂದೆ ಒಬ್ಬರೇ ಎಲ್ಲ ಪಾತ್ರಗಳನ್ನೂ ಆಡಿ ತೋರಿಸುತ್ತಿದ್ದರು. ಅವರು ಹೇಳುತ್ತಾ ಹೋದಂತೆ ಬರೆದುಕೊಂಡವರು ಇದ್ದುದರಿಂದಲೇ ಇವತ್ತು ನಮ್ಮ ಕೈಗೆ ಪುಸ್ತಕಗಳು ಸಿಕ್ಕಿವೆ. ಬರೆದುಕೊಳ್ಳುವವರು ಇಲ್ಲದ ದಿನ ಆಡಿದ ಎಷ್ಟೋ ಮಾತು ಗಾಳಿಗೆ ಹೋಯಿತು. ಹಣದ ಲೆಕ್ಕ ಅವರಿಗೆ ಗೊತ್ತಿರಲಿಲ್ಲ. ಕುಡಿತ, ಸಿಗರೇಟು, ಅಸ್ತವ್ಯಸ್ತ ಕೋಣೆ, ಕೈ ಖಾಲಿ. ಊರನ್ನೆಲ್ಲ ನಗಿಸಿದವರ ಮನೆಯಲ್ಲಿ ನೆಮ್ಮದಿ ಇರಲಿಲ್ಲ.

ಅವರಲ್ಲಿ ಇನ್ನೊಬ್ಬ ಕೈಲಾಸಂ ಇದ್ದರು. ಕರ್ಣ, ಏಕಲವ್ಯ, ಕೀಚಕರಂಥ ಮಹಾಭಾರತದ ಸೋತ ವ್ಯಕ್ತಿಗಳನ್ನು ಕುರಿತು ಇಂಗ್ಲಿಷಿನಲ್ಲಿ ಗಂಭೀರ ನಾಟಕ ರಚಿಸಿದವರೂ ಇವರೇ. ದೊಡ್ಡವರ ಆಟದಲ್ಲಿ ಹೆಬ್ಬೆರಳು ಕಳೆದುಕೊಂಡ ಬೇಡರ ಹುಡುಗನ ಮೇಲೆ ಅವರಿಗಿದ್ದ ಮಮತೆಗೂ ಕೋಳೀಕೆ ರಂಗನ ಮೇಲಿನ ಪ್ರೀತಿಗೂ ದೂರವೇನಿಲ್ಲ. ಇಬ್ಬರೂ ಪಂಗ್ತಿಯಿಂದ ಹೊರಗೆ ನಿಂತವರು.

1945ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕೈಲಾಸಂ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಲಾಯಿತು. ತಮಿಳು ಮನೆಮಾತಿನ ವ್ಯಕ್ತಿ ತಮಿಳು ನಾಡಿನ ರಾಜಧಾನಿಯಲ್ಲಿ ಕನ್ನಡದ ಅತಿ ದೊಡ್ಡ ಪೀಠದಲ್ಲಿ ಕೂತರು. ಮನ್ನಣೆ ಬಂತು, ಆದರೆ ತಡವಾಗಿ ಬಂತು. ಮರುವರ್ಷ, 1946ರಲ್ಲಿ, ಅವರು ತೀರಿಕೊಂಡರು.

ನಿಲಂಗಾ, ಉದಗೀರ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು. ರಾಜ್ಯ ಬೇರೆಯಾಯಿತು, ಮನೆಯ ಮಾತು ಉಳಿಯಿತು. ನಮ್ಮ ಕನ್ನಡದಲ್ಲಿ ಮರಾಠಿ ಉಂಟು, ಉರ್ದು ಉಂಟು. ಬೆಂಗಳೂರಿಗೆ ಹೋದ ನಮ್ಮ ಹುಡುಗರು ಈ ಮಾತು ಕೇಳಿ ನಕ್ಕಾರು ಎಂದು ಬಾಯಿ ಕಟ್ಟಿಕೊಳ್ಳುವುದುಂಟು. ಅವರಿಗೆ ಕೈಲಾಸಂ ಕಥೆ ಹೇಳಬೇಕು. ಹುಟ್ಟಿನಿಂದ ಕನ್ನಡಿಗರಲ್ಲದ ಒಬ್ಬರು ಬೆರಕೆ ಮಾತನ್ನೇ ಹಾಡಿ, ಆಡಿ ಕನ್ನಡ ರಂಗಭೂಮಿಯ ದಿಕ್ಕನ್ನೇ ಬದಲಿಸಿದರು. ಗಡಿಭಾಗದ ಕನ್ನಡ ಶಾಲೆಗಳ ವಾರ್ಷಿಕೋತ್ಸವದಲ್ಲಿ ಸಿನಿಮಾ ಹಾಡಿನ ಕುಣಿತದ ನಡುವೆ ಒಮ್ಮೆ ಟೊಳ್ಳುಗಟ್ಟಿ ಆಡಿಸಿ ನೋಡಲಿ. ಅದಕ್ಕೆ ಜರತಾರಿ ಬೇಕಿಲ್ಲ, ಪರದೆ ಬೇಕಿಲ್ಲ. ಮಕ್ಕಳು ಮನೆಯಲ್ಲಿ ಆಡುವಂತೆ ಮಾತಾಡಿದರೆ ಸಾಕು.