ಪುಣೆ ಪುರಸಭೆಯಲ್ಲಿ ಒಂದೇ ಒಂದು ವಿರೋಧದ ಮತ

ಜ್ಯೋತಿಬಾ ಫುಲೆ ಅಂದ ಕೂಡಲೇ ನಮಗೆ ನೆನಪಾಗೋದು 1848ರ ಹೆಣ್ಣುಮಕ್ಕಳ ಶಾಲೆ, ಸಾವಿತ್ರಿಬಾಯಿ, ‘ಗುಲಾಮಗಿರಿ’, ಸತ್ಯಶೋಧಕ ಸಮಾಜ. ಪ್ರತಿ ಏಪ್ರಿಲ್ 11ಕ್ಕೆ ನಾವು ಹಾಕುವ ಪೋಸ್ಟುಗಳಲ್ಲೂ ಹೆಚ್ಚುಕಮ್ಮಿ ಇಷ್ಟೇ. ಅವರು ಪುಣೆ ಪುರಸಭೆಯ ಸದಸ್ಯರೂ ಆಗಿದ್ದರು ಅನ್ನೋದನ್ನು ನೆನೆಯುವವರು ಕಡಿಮೆ. ನನಗಂತೂ ಅವರ ರಾಜಕಾರಣ ತುಂಬ ಸ್ಪಷ್ಟವಾಗಿ ಕಾಣುವುದು ಅಲ್ಲಿ, ಊರಿನ ದುಡ್ಡು ಯಾವುದಕ್ಕೆ ಖರ್ಚಾಗಬೇಕು ಅನ್ನೋ ಜಗಳದಲ್ಲಿ.

ಹುಟ್ಟಿದ್ದು 1827ರಲ್ಲಿ, ಮಾಳಿ ಜಾತಿಯಲ್ಲಿ. ಪೇಶ್ವೆಗಳ ಮನೆಗೆ ಹೂವು ಕೊಡುತ್ತಿದ್ದ ಕುಟುಂಬವಾದ್ದರಿಂದ ಫುಲೆ ಅನ್ನೋ ಹೆಸರು. ಹೊಟ್ಟೆಪಾಡಿಗೆ ಅವರು ಮಾಡಿದ್ದು ಬೇಸಾಯ, ಜೊತೆಗೆ ಗುತ್ತಿಗೆದಾರಿಕೆ. ಪುಣೆ ಹತ್ತಿರದ ಅಣೆಕಟ್ಟಿಗೆ ಸಾಮಗ್ರಿ ಒದಗಿಸಿದರು, ಕಾತ್ರಜ್ ಸುರಂಗದ ಕೆಲಸಕ್ಕೆ ಕೂಲಿಯಾಳುಗಳನ್ನು ಕರೆತಂದರು. ಕಲ್ಲು, ಗಾರೆ, ಕೂಲಿಯ ಲೆಕ್ಕ ಅವರಿಗೆ ಬಾಯಿಪಾಠ. ಗುತ್ತಿಗೆದಾರ ಸದಸ್ಯ ಅಂದರೆ ಈಗ ನಮ್ಮ ತಲೆಗೆ ಹೊಳೆಯೋದೇ ಬೇರೆ, ಬಿಡಿ.

ನೀರಿನ ವಿಷಯದಲ್ಲಿ ಅವರು ಪುರಸಭೆಗಾಗಿ ಕಾದವರೂ ಅಲ್ಲ. 1868ರಲ್ಲೇ ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರಿಗೆ ತೆರೆದಿಟ್ಟರು. ಊರಿನ ಬಾವಿ, ಕೆರೆ ಯಾರ ಪಾಲಿಗೆ ಸಾರ್ವಜನಿಕ, ಯಾರ ಪಾಲಿಗೆ ಅಲ್ಲ ಅನ್ನೋದು ಅವರಿಗೆ ಆಗಲೇ ಗೊತ್ತಿತ್ತು.

1876ರಲ್ಲಿ ಸರ್ಕಾರ ಅವರನ್ನು ಪುರಸಭೆಗೆ ನೇಮಿಸಿತು. ಹೌದು, ನೇಮಕ, ಚುನಾವಣೆ ಅಲ್ಲ. ಯಾರು ಕೂರಿಸಿದರೋ ಅವರೇ ಎಬ್ಬಿಸಬಹುದಾದ ಕುರ್ಚಿ ಅದು. ಅದೇ ಹೊತ್ತಿಗೆ ದಖ್ಖನ್ನಿನಲ್ಲಿ ಭೀಕರ ಬರ. 1877ರಲ್ಲಿ ಸತ್ಯಶೋಧಕರು ಪುಣೆ ಪಕ್ಕದ ಧನಕವಡಿಯಲ್ಲಿ ಹಸಿದ ಮಕ್ಕಳಿಗೆ ಊಟ ಹಾಕುತ್ತಿದ್ದರು. ಆ ವರ್ಷವೇ ವೈಸ್‌ರಾಯ್ ಲಿಟ್ಟನ್ ದೆಹಲಿಯಲ್ಲಿ ಭರ್ಜರಿ ದರ್ಬಾರು ನಡೆಸಿದ್ದ. ಮರುವರ್ಷ ದೇಶಭಾಷೆಗಳ ಪತ್ರಿಕೆಗಳ ಬಾಯಿಗೆ ಬೀಗ ಹಾಕುವ ಕಾನೂನನ್ನೂ ತಂದ. ಇಂಗ್ಲಿಷ್ ಪತ್ರಿಕೆಗಳಿಗೆ ಅದು ಅನ್ವಯಿಸುತ್ತಿರಲಿಲ್ಲ.

ಇಂಥ ಲಿಟ್ಟನ್ ಪುಣೆಗೆ ಬರುವ ಸಂದರ್ಭಕ್ಕೆ 1000 ರೂಪಾಯಿ ಖರ್ಚು ಮಾಡೋಣ ಅಂತ ಪುರಸಭೆಯ ಮುಂದೆ ಪ್ರಸ್ತಾವ ಬಂತು. ಫುಲೆ ಬೇಡ ಅಂದರು. ಆ ಹಣ ಬಡವರ ಮಕ್ಕಳ ಶಿಕ್ಷಣಕ್ಕೆ ಹೋಗಲಿ ಅನ್ನೋದು ಅವರ ವಾದ. ಸದಸ್ಯರು 32 ಮಂದಿ. ವಿರೋಧವಾಗಿ ಬಿದ್ದ ಮತ ಒಂದೇ, ಅದು ಫುಲೆಯದ್ದು. ನಿರ್ಣಯ ಪಾಸಾಯಿತು. ಉಳಿದವರೆಲ್ಲ ಕೆಟ್ಟವರು ಅಂತ ನಾನು ಹೇಳಲಾರೆ. ದೊಡ್ಡವರು ಬಂದಾಗ ಊರು ಸಿಂಗಾರ ಆಗಬೇಕು ಅನ್ನೋದು ಅವರಿಗೆ ಚರ್ಚೆಯ ವಿಷಯವೇ ಆಗಿರಲಿಲ್ಲ. ಫುಲೆ ಅದನ್ನು ಚರ್ಚೆಗೆ ಎಳೆದರು, ಅಷ್ಟೇ. ನಿಮ್ಮ ಊರಿಗೆ ಮಂತ್ರಿ ಬರುವ ಹಿಂದಿನ ರಾತ್ರಿ ಒಂದೇ ರಸ್ತೆಗೆ ಡಾಂಬರು ಬೀಳುವುದನ್ನು ನೋಡಿದ್ದರೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಎರಡನೇ ಜಗಳ ಮಾರುಕಟ್ಟೆಯದ್ದು. ಆಗ ತರಕಾರಿ ವ್ಯಾಪಾರ ಶನಿವಾರವಾಡೆಯ ಮುಂದಿನ ಬಯಲಲ್ಲಿ ನಡೆಯುತ್ತಿತ್ತು. ದೊಡ್ಡ ಕಟ್ಟಡ ಕಟ್ಟೋಣ ಅಂತ 1882ರಲ್ಲಿ ಪುರಸಭೆ ನಿರ್ಣಯಿಸಿದಾಗ ಫುಲೆ ಮತ್ತು ಹರಿ ರಾವಜಿ ಚಿಪಳೂಣ್ಕರ್ ವಿರೋಧಿಸಿದರು. ಬಡವರ ಮಕ್ಕಳ ಓದು ಮೊದಲು ಅಂದರು. ಇಲ್ಲಿ ನನಗೆ ಫುಲೆಯವರ ಜೊತೆ ಸ್ವಲ್ಪ ತಕರಾರಿದೆ. ಬಿಸಿಲು ಮಳೆಯಲ್ಲಿ ಕೂತು ಸೊಪ್ಪು ಮಾರುವವರಿಗೆ ಒಂದು ಸೂರು ಬೇಕಿತ್ತು. ಮಾರುವವರಲ್ಲಿ ಅವರದೇ ಮಾಳಿ ಜನವೂ ಇದ್ದಿರಬೇಕು. ಆದರೆ ಖಜಾನೆ ಒಂದೇ ಇದ್ದಾಗ ಯಾವುದು ಮೊದಲು ಅನ್ನೋ ಪ್ರಶ್ನೆಯಿಂದ ಅವರು ತಪ್ಪಿಸಿಕೊಳ್ಳಲಿಲ್ಲ. ಕಟ್ಟಡ 1886ರಲ್ಲಿ ಗವರ್ನರ್ ರೇ ಹೆಸರಿನಲ್ಲಿ ತೆರೆಯಿತು. ಮುಂದೆ ಆಚಾರ್ಯ ಅತ್ರೆ ಪುರಸಭೆಯಲ್ಲಿದ್ದಾಗ ಅದಕ್ಕೆ ಹೊಸ ಹೆಸರಿಟ್ಟರು: ಮಹಾತ್ಮ ಫುಲೆ ಮಂಡಈ. ಯಾವ ಕಟ್ಟಡ ಬೇಡ ಅಂದಿದ್ದರೋ ಅದಕ್ಕೇ ಅವರ ಹೆಸರು!

1882ರಲ್ಲೇ ಹಂಟರ್ ಆಯೋಗಕ್ಕೆ ಅವರು ಕೊಟ್ಟ ಹೇಳಿಕೆಯಲ್ಲೂ ಇದೇ ಲೆಕ್ಕ ದೊಡ್ಡದಾಗಿ ಬಂದಿದೆ. ಸರ್ಕಾರದ ಆದಾಯದ ಬಹುಪಾಲು ರೈತನ ಬೆವರಿನಿಂದ ಬರುತ್ತೆ, ಖರ್ಚಾಗೋದು ಮೇಲ್ಜಾತಿಯವರ ಉನ್ನತ ಶಿಕ್ಷಣಕ್ಕೆ ಅಂತ ಅವರು ದೂರಿದರು. ಕನಿಷ್ಠ 12 ವರ್ಷದವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಲಿ ಅಂತ ಕೇಳಿದರು. ಪುರಸಭೆಯ 1000 ರೂಪಾಯಿಯಲ್ಲಿ ಕಂಡದ್ದನ್ನೇ ಇಡೀ ಪ್ರಾಂತ್ಯದ ಲೆಕ್ಕದಲ್ಲೂ ಕಂಡಿದ್ದರು.

1888ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಜನ ಅವರಿಗೆ ಮಹಾತ್ಮ ಅಂತ ಬಿರುದು ಕೊಟ್ಟರು. ಅದೇ ವರ್ಷ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಕೊನೆಯ ಪುಸ್ತಕವನ್ನು ಎಡಗೈಯಲ್ಲಿ ಬರೆದರು. ಅಣೆಕಟ್ಟು, ಸುರಂಗದ ಕೆಲಸ ಮಾಡಿಸಿದ್ದ ಆ ಗುತ್ತಿಗೆದಾರನ ಮನೆ ನಡೆಯೋದೇ ಕಷ್ಟವಾಗಿ, ಸ್ನೇಹಿತರು ಬರೋಡದ ಸಯಾಜಿರಾವ್ ಗಾಯಕವಾಡರ ನೆರವು ಕೇಳಬೇಕಾಯಿತು. 1890ರ ನವೆಂಬರ್ 28ರಂದು ಫುಲೆ ಪುಣೆಯಲ್ಲೇ ತೀರಿಕೊಂಡರು.