ದಿವಾನ್ ರಂಗಾಚಾರ್ಲು

ಬೆಂಗಳೂರಿನಿಂದ ಮೈಸೂರಿಗೆ ಹೊರಟ ರೈಲು ನಗರದ ಪಶ್ಚಿಮ ಭಾಗವನ್ನು ಹಾದು ಕೆಂಗೇರಿಯನ್ನು ತಲಪುತ್ತದೆ. ಅಲ್ಲಿಂದ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ದಾಟಿ ಮುಂದೆ ಸಾಗುತ್ತದೆ. ದಿನವೂ ಸಾವಿರಾರು ಜನ ಸಂಚರಿಸುವ ಈ ದಾರಿ ಹುಟ್ಟಿದ್ದು ಒಂದು ಘೋರ ಕ್ಷಾಮದ ಕಾಲದಲ್ಲಿ. ಹಸಿದವರಿಗೆ ಕೂಲಿ ದೊರೆಯಲೆಂದು ಇದರ ಮಣ್ಣಿನ ಕೆಲಸ ಆರಂಭವಾಯಿತು. ಆ ಕ್ಷಾಮದಿಂದ ಕುಸಿದ ನಾಡನ್ನು ಮತ್ತೆ ಎತ್ತಿ ನಿಲ್ಲಿಸುವ ಹೊಣೆಯನ್ನು ಹೊತ್ತವರು ದಿವಾನ್ ರಂಗಾಚಾರ್ಲು ಅವರು.

ರಂಗಾಚಾರ್ಲು ಅವರು 1831ರಲ್ಲಿ ಮದರಾಸು ಪ್ರಾಂತದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಜನಿಸಿದರು. ಮೈಸೂರಿನ ಆಡಳಿತವನ್ನು ಬ್ರಿಟಿಷರು ಅರಸರಿಂದ ತಮ್ಮ ಕೈಗೆ ತೆಗೆದುಕೊಂಡದ್ದೂ ಅದೇ ವರ್ಷ. ಅರ್ಧ ಶತಮಾನದ ಅನಂತರ ಆ ಆಡಳಿತವನ್ನು ಮರಳಿ ಪಡೆದ ರಾಜ್ಯಕ್ಕೆ ಈ ಶಿಶುವೇ ಮೊದಲ ದಿವಾನನಾಗುವನೆಂದು ಅಂದು ಯಾರು ತಾನೇ ಊಹಿಸಿದ್ದರು? ಅವರ ತಂದೆ ಸರ್ಕಾರಿ ಕಚೇರಿಯಲ್ಲಿ ಒಬ್ಬ ಗುಮಾಸ್ತರು. ಮನೆಯಲ್ಲಿ ಸಂಪತ್ತಿರಲಿಲ್ಲ. ಬಂಧುಗಳ ನೆರವಿನಿಂದ ಮದರಾಸಿನಲ್ಲಿ ಓದಿದ ಬಾಲಕ, ತಾನೂ ಗುಮಾಸ್ತನಾಗಿಯೇ ಉದ್ಯೋಗವನ್ನು ಆರಂಭಿಸಿದನು.

ಕಂದಾಯ ಇಲಾಖೆಯ ಕೆಳಗಿನ ಮೆಟ್ಟಿಲುಗಳಲ್ಲಿ ದುಡಿದ ರಂಗಾಚಾರ್ಲು ಅವರಿಗೆ ರೈತನ ಕಷ್ಟ ಚೆನ್ನಾಗಿ ತಿಳಿದಿತ್ತು. ಹೊಲದಿಂದ ಖಜಾನೆಗೆ ಹೋಗುವ ಹಣ ಎಷ್ಟು ಕೈಗಳಲ್ಲಿ ಸೋರಿಹೋಗುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಇಲಾಖೆಯಲ್ಲಿ ಬೇರೂರಿದ್ದ ಲಂಚಗುಳಿತನವನ್ನು ಖಂಡಿಸಿ ಅವರು ಒಂದು ಕಿರುಹೊತ್ತಗೆಯನ್ನೇ ಬರೆದರು. ತಾನು ಅನ್ನ ಉಣ್ಣುವ ಇಲಾಖೆಯ ದೋಷವನ್ನು ತಾನೇ ಬಯಲಿಗಿಡುವುದು ಸಾಮಾನ್ಯವಾದ ಧೈರ್ಯವಲ್ಲ. ದಕ್ಷತೆ, ಪ್ರಾಮಾಣಿಕತೆಗಳಿಂದ ಅವರು ತಹಸೀಲ್ದಾರರಾಗಿ, ಡೆಪ್ಯುಟಿ ಕಲೆಕ್ಟರರಾಗಿ ಮೇಲೇರಿದರು.

1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಾಲವಾದರು. ದತ್ತುಪುತ್ರರಾದ ಚಾಮರಾಜ ಒಡೆಯರು ಆಗ ಐದು ವರ್ಷದ ಬಾಲಕರು. ಅರಮನೆಯ ಸಾಲಗಳನ್ನು ತೀರಿಸಿ, ಆಸ್ತಿಯ ಲೆಕ್ಕವನ್ನು ಸರಿಪಡಿಸಬಲ್ಲ ಒಬ್ಬ ಸಮರ್ಥರು ಬೇಕಾಗಿತ್ತು. ಆ ಕೆಲಸಕ್ಕಾಗಿ ರಂಗಾಚಾರ್ಲು ಅವರು ಕಲ್ಲಿಕೋಟೆಯಿಂದ ಮೈಸೂರಿಗೆ ಬಂದರು. ಅರಮನೆಯ ದುಂದುವೆಚ್ಚಕ್ಕೆ ಕಡಿವಾಣ ಹಾಕುವುದೆಂದರೆ ಹಲವರ ವೈರವನ್ನು ಕಟ್ಟಿಕೊಂಡಂತೆಯೇ ಸರಿ. ಆದರೂ ಅವರು ಹಿಂಜರಿಯಲಿಲ್ಲ. ಮೈಸೂರಿನ ಬ್ರಿಟಿಷ್ ಆಡಳಿತವನ್ನು ಕುರಿತು 1874ರಲ್ಲಿ ಒಂದು ಪುಸ್ತಿಕೆಯನ್ನು ಪ್ರಕಟಿಸಿ, ಅದರ ಅತಿವೆಚ್ಚವನ್ನು ನಿರ್ಭಯವಾಗಿ ವಿಮರ್ಶಿಸಿದರು.

ಅಷ್ಟರಲ್ಲಿ ನಾಡಿನ ಮೇಲೆ ಮಹಾ ವಿಪತ್ತು ಎರಗಿತು. 1876ರಿಂದ 1878ರವರೆಗೆ ಹಬ್ಬಿದ ಕ್ಷಾಮದಲ್ಲಿ ಕೆರೆಗಳು ಬತ್ತಿದವು, ಕಣಜಗಳು ಬರಿದಾದವು, ಊರೂರುಗಳೇ ಪಾಳುಬಿದ್ದವು. 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಈ ಅಂಕಿಗಳ ಹಿಂದೆ ಎಷ್ಟು ಮನೆಗಳ ದೀಪ ಆರಿತೆಂಬುದನ್ನು ಊಹಿಸಿದರೆ ಎದೆ ನಡುಗುತ್ತದೆ.

1881ರ ಮಾರ್ಚ್ 25ರಂದು ಬ್ರಿಟಿಷರು ರಾಜ್ಯವನ್ನು ಚಾಮರಾಜ ಒಡೆಯರಿಗೆ ಮರಳಿ ಒಪ್ಪಿಸಿದರು. ರಂಗಾಚಾರ್ಲು ಅವರು ದಿವಾನರಾದರು. ದೊರೆಗೆ ಹದಿನೆಂಟು ವರ್ಷ, ದಿವಾನರಿಗೆ ಐವತ್ತು. ಸಿಂಹಾಸನದೊಡನೆ ದೊರೆತ ಬಳುವಳಿಯೆಂದರೆ ಕ್ಷಾಮದ ಕಾಲದ ಎಂಬತ್ತು ಲಕ್ಷ ರೂಪಾಯಿಗಳ ಸಾಲ! ಇದರ ಜೊತೆಗೆ ಬ್ರಿಟಿಷ್ ಸರ್ಕಾರಕ್ಕೆ ವರ್ಷವೂ ಸಲ್ಲಬೇಕಾದ ಇಪ್ಪತ್ತನಾಲ್ಕೂವರೆ ಲಕ್ಷದ ಪೊಗದಿಯನ್ನು ಮೂವತ್ತೈದು ಲಕ್ಷಕ್ಕೆ ಏರಿಸಲಾಗಿತ್ತು. ಹೆಚ್ಚಳವನ್ನು ಐದು ವರ್ಷ ಮುಂದೂಡಿದ್ದುದೊಂದೇ ಸಮಾಧಾನ. ಹೊಸ ಸರ್ಕಾರ ಎಡವಿದರೆ ಆಡಳಿತ ಮತ್ತೆ ಪರರ ಕೈಸೇರುವ ಭಯವಿತ್ತು. ದೇಶೀಯರು ರಾಜ್ಯವಾಳಬಲ್ಲರೇ ಎಂದು ಸಂದೇಹಪಡುತ್ತಿದ್ದವರು ಆ ಎಡವಿಗಾಗಿ ಕಾದಿದ್ದರು.

ರಂಗಾಚಾರ್ಲು ಅವರು ಮೊದಲು ವೆಚ್ಚಕ್ಕೆ ಕತ್ತರಿ ಹಾಕಿದರು. ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಿದರು. ಅನೇಕ ಹುದ್ದೆಗಳನ್ನು ರದ್ದುಗೊಳಿಸಿದರು. ಇದರಿಂದ ನೊಂದವರೂ ಉಂಟು, ಜನರಿಗೆ ಅನನುಕೂಲವಾದದ್ದೂ ಉಂಟು. ಮುಂದಿನ ದಿವಾನರ ಕಾಲದಲ್ಲಿ ಆ ಜಿಲ್ಲೆಗಳನ್ನು ಮತ್ತೆ ಸ್ಥಾಪಿಸಬೇಕಾಯಿತು. ಆದರೆ ಉಳಿಸಿದ ಹಣವನ್ನು ಅವರು ಪೆಟ್ಟಿಗೆಯಲ್ಲಿಟ್ಟು ಕಾಯಲಿಲ್ಲ. ಇನ್ನೊಂದು ಕ್ಷಾಮ ಬಂದರೆ ಧಾನ್ಯ ಬೇಗ ಊರು ಸೇರಬೇಕು, ರೈತನ ಬೆಳೆಗೆ ದೂರದ ಪೇಟೆಯಲ್ಲಿ ಬೆಲೆ ದೊರೆಯಬೇಕು ಎಂಬುದು ಅವರ ಆಶಯ. 1882ರಲ್ಲಿ ಬೆಂಗಳೂರು ಮೈಸೂರುಗಳ ನಡುವಿನ ರೈಲುದಾರಿ ಪೂರ್ಣಗೊಂಡಿತು.

ಇವೆಲ್ಲಕ್ಕಿಂತ ಮಿಗಿಲಾದ ಅವರ ಸಾಧನೆ ಮೈಸೂರು ಪ್ರಜಾಪ್ರತಿನಿಧಿ ಸಭೆ. ತೆರಿಗೆ ಕೊಡುವ ಪ್ರಜೆಗೆ ಆ ಹಣ ಏನಾಯಿತೆಂದು ತಿಳಿಯುವ ಹಕ್ಕಿದೆ ಎಂಬುದು ಅವರ ನಂಬಿಕೆಯಾಗಿತ್ತು. 1881ರ ಆಗಸ್ಟ್ ತಿಂಗಳಿನಲ್ಲಿ ಆಜ್ಞೆ ಹೊರಟಿತು. ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ಸಾಗುವಳಿದಾರರೂ ಪ್ರತಿ ಜಿಲ್ಲೆಯಿಂದ ಮೂರು ನಾಲ್ವರು ಪ್ರಮುಖ ವರ್ತಕರೂ ದಸರೆಯ ಸಮಯದಲ್ಲಿ ಮೈಸೂರಿಗೆ ಬರಬೇಕೆಂದು ಕರೆ ಹೋಯಿತು. ಅಕ್ಟೋಬರ್ 7ರಂದು 144 ಪ್ರತಿನಿಧಿಗಳ ಎದುರಿನಲ್ಲಿ ದಿವಾನರು ರಾಜ್ಯದ ಆದಾಯ ವೆಚ್ಚಗಳನ್ನೂ ಮುಂದಿನ ಯೋಜನೆಗಳನ್ನೂ ವಿವರಿಸಿದರು. ಅನಂತರ ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಅಹವಾಲುಗಳನ್ನು ಮುಂದಿಟ್ಟರು. ಅಮಲ್ದಾರನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ರೈತ, ಅಂದು ದಿವಾನರ ಎದುರಿಗೇ ಕುಳಿತು ರಾಜ್ಯದ ಲೆಕ್ಕವನ್ನು ಕೇಳಿದನು.

ಈ ಸಭೆಯಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ಸದಸ್ಯರನ್ನು ಜನರು ಚುನಾಯಿಸಿರಲಿಲ್ಲ. ಭೂಮಿ, ಬಂಡವಾಳಗಳುಳ್ಳವರಿಗೆ ಮಾತ್ರ ಅಲ್ಲಿ ಆಸನ. ಕೂಲಿಕಾರನಿಗಾಗಲಿ ಸ್ತ್ರೀಯರಿಗಾಗಲಿ ಸ್ಥಾನವಿರಲಿಲ್ಲ. ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ. ಆದರೆ ಬೀಜ ಚಿಕ್ಕದೆಂದು ಬಿತ್ತದೆ ಇದ್ದರೆ ಮರವೆಲ್ಲಿ? ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದದ್ದು ಇದಾದ ನಾಲ್ಕು ವರ್ಷಗಳ ಅನಂತರ, 1885ರಲ್ಲಿ, ಎಂಬುದನ್ನು ನೆನೆದರೆ ಈ ಹೆಜ್ಜೆಯ ಹಿರಿಮೆ ತಿಳಿಯುತ್ತದೆ. 1891ರಲ್ಲಿ ಸಭೆಗೆ ಚುನಾವಣೆಯ ಪದ್ಧತಿಯೂ ಬಂದಿತು.

ಅದೇ ಕಾಲದ ಅಮೆರಿಕದತ್ತ ನೋಡುವುದು ಉಚಿತ. ಅಲ್ಲಿ ಪ್ರಜಾಪ್ರಭುತ್ವವಿತ್ತು, ಅಪಾರ ಐಶ್ವರ್ಯವಿತ್ತು. ಆದರೆ ರೈಲುದಾರಿಗಳ ಒಡೆಯರು ಕುಬೇರರಾಗಿ ಶಾಸನಸಭೆಗಳನ್ನೇ ಪ್ರಭಾವಿಸುತ್ತಿದ್ದರು. ಗೆದ್ದ ಪಕ್ಷದವರು ಸರ್ಕಾರಿ ಹುದ್ದೆಗಳನ್ನು ಸೂರೆಯಂತೆ ಹಂಚಿಕೊಳ್ಳುತ್ತಿದ್ದರು. ಹುದ್ದೆ ದೊರೆಯದೆ ಕೆರಳಿದ ಒಬ್ಬನ ಗುಂಡಿಗೆ ಅಧ್ಯಕ್ಷ ಗಾರ್‌ಫೀಲ್ಡ್ 1881ರಲ್ಲಿ ಬಲಿಯಾದರು. 1883ರ ಜನವರಿ 16ರಂದು, ಯೋಗ್ಯತೆಯನ್ನು ಪರೀಕ್ಷಿಸಿ ಉದ್ಯೋಗ ಕೊಡಬೇಕೆಂಬ ಕಾನೂನು ಅಲ್ಲಿ ಜಾರಿಗೆ ಬಂದಿತು. ಮತದ ಹಕ್ಕಿದ್ದ ನಾಡಿಗೂ ಶುದ್ಧ ಆಡಳಿತ ತಾನಾಗಿ ಒದಗಲಿಲ್ಲ, ಅದಕ್ಕಾಗಿ ಹೋರಾಡಬೇಕಾಯಿತು.

ಆ ಕಾನೂನು ಹುಟ್ಟಿದ ನಾಲ್ಕನೆಯ ದಿನ, 1883ರ ಜನವರಿ 20ರಂದು, ರಂಗಾಚಾರ್ಲು ಅವರು ಮದರಾಸಿನಲ್ಲಿ ನಿಧನರಾದರು. ದಿವಾನಗಿರಿ ಎರಡು ವರ್ಷವೂ ತುಂಬಿರಲಿಲ್ಲ. ಸಾಲ ತೀರಿರಲಿಲ್ಲ, ಕೈಗೊಂಡ ಕೆಲಸಗಳು ಅರ್ಧದಲ್ಲಿ ನಿಂತಿದ್ದವು. ಆದರೆ ಅವರೇ ಗುರುತಿಸಿ ಮೈಸೂರಿಗೆ ಕರೆತಂದಿದ್ದ ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿ ಆ ಕಾರ್ಯವನ್ನು ಮುಂದುವರಿಸಿದರು. ತನ್ನ ಅನಂತರವೂ ನಡೆಯುವಂತೆ ಕೆಲಸವನ್ನು ಕಟ್ಟುವುದೇ ನಿಜವಾದ ಮುತ್ಸದ್ದಿಯ ಲಕ್ಷಣವಲ್ಲವೇ?

ಮೈಸೂರಿನ ಪುರಭವನ ಇಂದಿಗೂ ರಂಗಾಚಾರ್ಲು ಅವರ ಹೆಸರನ್ನು ಹೊತ್ತು ನಿಂತಿದೆ. ಆ ಕಲ್ಲಿನ ಸ್ಮಾರಕಕ್ಕಿಂತ ಹಿರಿದಾದುದು ಅವರು ಹಾಕಿಕೊಟ್ಟ ಪದ್ಧತಿ. ಆಳುವವರು ವರ್ಷಕ್ಕೊಮ್ಮೆಯಾದರೂ ಪ್ರಜೆಗಳ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕೆಂಬ ಪಾಠವನ್ನು, ಗುಮಾಸ್ತರ ಮನೆಯಲ್ಲಿ ಹುಟ್ಟಿದ ಈ ಮಹನೀಯರು ನಾಡಿಗೆ ಕಲಿಸಿಹೋದರು.