ಗುರು ರಹೀಂ ಸಾಹೇಬರು

1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳೂ ಕಲಬುರ್ಗಿ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿ, ನಾವು ಗಡಿಯಾಚೆಯ ಕನ್ನಡಿಗರಾದೆವು. ಅದೇ ತಿಂಗಳು ಆರಂಭವಾದ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡವು ನಾಲ್ಕನೆಯ ಸ್ಥಾನ ಗಳಿಸಿತು. ಅದರ ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಕನ್ನಡ ನಾಡಿನ ಹಾಫ್‌ಬ್ಯಾಕ್ ಆಟಗಾರ ಕೆಂಪಯ್ಯನವರೂ ಆ ತಂಡದಲ್ಲಿದ್ದರು.

1909ರಲ್ಲಿ ಜನಿಸಿದ ರಹೀಂ ಅವರು ಸ್ವತಃ ಫುಟ್‌ಬಾಲ್ ಆಡಿದವರು. ವೃತ್ತಿಯಿಂದ ಶಾಲಾ ಉಪಾಧ್ಯಾಯರು. ಅವರು ರೂಪಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತವಾಗಿ 5 ಬಾರಿ ರೋವರ್ಸ್ ಕಪ್ ಗೆದ್ದಿತು. ದುರ್ಬಲವಾದ ಕಾಲಿನಿಂದಲೂ ಚೆಂಡನ್ನು ಒದೆಯುವ ಅಭ್ಯಾಸವನ್ನು ಅವರು ಆಟಗಾರರಿಗೆ ಮಾಡಿಸುತ್ತಿದ್ದರು. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚಿನ್ನ ಗೆದ್ದಿತು. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದೆದುರು 10–1ರಿಂದ ಸೋತಿತು. ಗುರುಗಳು ಎದೆಗುಂದಲಿಲ್ಲ.

1962ರ ಜಕಾರ್ತಾ ಕೂಟಕ್ಕೆ ಹೊರಟಾಗ ಕ್ಯಾನ್ಸರ್ ಅವರ ದೇಹವನ್ನು ಆಕ್ರಮಿಸಿತ್ತು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾ ನಮ್ಮನ್ನು ಸೋಲಿಸಿತು. ತಲೆಗೆ ಪೆಟ್ಟಾಗಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರನ್ನು ರಹೀಂ ಮುಂಪಡೆಗೆ ನಿಲ್ಲಿಸಿದರು. ಅದೇ ಕೊರಿಯಾವನ್ನು ಅಂತಿಮ ಪಂದ್ಯದಲ್ಲಿ 2–1ರಿಂದ ಮಣಿಸಿದಾಗ ಒಂದು ಗೋಲು ಜರ್ನೈಲ್ ಅವರದೇ ಆಗಿತ್ತು. 1963ರ ಜೂನ್ 11ರಂದು ರಹೀಂ ಸಾಹೇಬರು ನಿಧನರಾದರು.

ಪೆಟ್ಟು ತಿಂದವನನ್ನು ಬದಿಗೆ ಸರಿಸದೆ ಅವನಿಗೊಂದು ಸ್ಥಾನ ಹುಡುಕಿಕೊಡುವುದೇ ಗುರುಧರ್ಮ. ಗಡಿನಾಡ ಕನ್ನಡ ಶಾಲೆಯಲ್ಲಿ ನಿಂತಿರುವ ನಾವು ಪ್ರತಿ ಮಗುವಿಗೂ ಅಂಥದೊಂದು ಸ್ಥಾನವನ್ನು ಹುಡುಕಬೇಕಾಗಿದೆ.